ಕಸುಮಿಗೌರಾ, ಚಿಕ್ಕ ಸುತ್ತು

ಅಕ್ಟೋಬರ್ 3, ಗುರುವಾರ. ಬೆಳಗ್ಗೆ

ಟಯರಿಗೆ ಗಾಳಿ ಹಾಕಿ ಆಯಿತು. ಚೈನಿಗೆ ಎಣ್ಣೆ. ಕಾಫಿ ಕುಡಿದ ಲೋಟವನ್ನೂ ತೊಳೆದಿಟ್ಟೆ. ತೊಳೆಯದಿದ್ದರೆ ಮಗಳು ಸಿಂಧೂರಾ ಅದಕ್ಕೂ ವಯಸ್ಸೇ ಕಾರಣ ಎನ್ನುತ್ತಾಳೆ. ಮೂವರೂ ಮಲಗಿದ್ದಾರೆ. ಜಪಾನಿನ ಈ ತ್ಸುಕುಬಾದಲ್ಲಿ ಈ ಹೊತ್ತಿಗೆ ಎದ್ದಿರುವವರು ನಾನು ಮತ್ತು ಕಾಗೆಗಳು. ಇಲ್ಲಿನ ಕಾಗೆ ಒಂದೊಂದೂ ಕೋಳಿ ಗಾತ್ರ.

ಸೈಕಲ್ಲು ಅಳಿಯ ಸಂತೋಷನದು, ಹಳೆಯದು. ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ತರಕಾರಿ ತರುವ ಹೆಂಗಸರ ಸೈಕಲ್ಲು. ಮಾಮಾಚಾರಿ ಎನ್ನುತ್ತಾರೆ. "ಮಾವ, ಅದು ಲೇಡೀಸ್ ಸೈಕಲ್ಲು, ಎಲ್ರೂ ನೋಡ್ತಾರೆ" ಎಂದ. ನೋಡಲಿ. ತುಮಕೂರಿನ ಟೆಲಿಫೋನ್ ಇಲಾಖೆಯಲ್ಲಿ ಕಂಬದಿಂದ ಕಂಬಕ್ಕೆ ಸೈಕಲ್ ತುಳಿದೇ ಪೆನ್ಷನ್ ತೆಗೆದುಕೊಂಡವನು ನಾನು. ಆಗಲೂ ಎಲ್ಲರೂ ನೋಡುತ್ತಿದ್ದರು.

ನಿನ್ನೆ ಊಟಕ್ಕೆ ಕೂತಾಗ ಸಿಂಧೂ ಮತ್ತೆ ಅದೇ ವಿಷಯ ತೆಗೆದಳು. ಡಿಸೆಂಬರ್ ನಡುವೆ ನನ್ನ ವೀಸಾ ಮುಗಿಯುತ್ತದೆ. ಬೆಂಗಳೂರಿಗೆ ಇಳಿದವನು ನೇರವಾಗಿ ದೇವನಹಳ್ಳಿ ಹತ್ತಿರದ ಸೀನಿಯರ್ ಲಿವಿಂಗಿಗೆ ಹೋಗಬೇಕಂತೆ. ರೂಮು ನೋಡಿಟ್ಟಿದ್ದಾರೆ. ತುಮಕೂರಿನ ಎಸ್‌ಎಸ್ ಪುರಂ ಬಾಡಿಗೆ ಮನೆ ಖಾಲಿ ಮಾಡಬೇಕಂತೆ. ಹೆಂಡತಿ ಕಸ್ತೂರಿ ತೀರಿಹೋದ ಮೇಲೆ ಆ ಮಹಡಿ ಮನೆಯಲ್ಲಿ ನಾನೊಬ್ಬನೇ ಇರುವುದು ಇವರ ನಿದ್ದೆ ಕೆಡಿಸಿದೆ. ನನಗೆ ಚೆನ್ನಾಗಿಯೇ ನಿದ್ದೆ ಬರುತ್ತದೆ.

"ಅಪ್ಪಾ, ಅಲ್ಲಿ ಟ್ವೆಂಟಿಫೋರ್ ಅವರ್ಸ್ ನರ್ಸ್ ಇರ್ತಾರೆ. ಬಾತ್‌ರೂಮಲ್ಲೂ ಬೆಲ್ ಇದೆ."

"ಬಾತ್‌ರೂಮಲ್ಲಿ ನಂಗ್ಯಾಕಮ್ಮ ಬೆಲ್ಲು? ನಾನೇನು ಕಂಡಕ್ಟರಾ?"

ಮೊಮ್ಮಗಳು ಶ್ರೀರಕ್ಷಾ ಅನ್ನ ಬಾಯಲ್ಲಿಟ್ಟುಕೊಂಡೇ ನಕ್ಕಳು. "ತಾತ, ದಟ್ಸ್ ಸ್ಯಾವೇಜ್!" ನಾವು ಕಾಲೇಜಿನಲ್ಲಿ ಓದಿದಾಗ ಸ್ಯಾವೇಜ್ ಎಂದರೆ ಕಾಡುಮನುಷ್ಯ. ಈಗ ಹೊಗಳಿಕೆಯಂತೆ. ಇರಲಿ, ಎರಡೂ ಒಪ್ಪುತ್ತೇನೆ.

ಬೆಳಕಾಯಿತು. ಹೊರಟೆ.

ಅಕ್ಟೋಬರ್ 8, ಮಂಗಳವಾರ

ಬಿದ್ದೆ. ಮನೆಯಲ್ಲಿ ಹೇಳಿಲ್ಲ. ಹೇಳುವುದೂ ಇಲ್ಲ. ಇಲ್ಲಿ ಬರೆದುಕೊಳ್ಳುತ್ತೇನೆ, ಎಲ್ಲಾದರೂ ಒಂದು ಕಡೆ ನಗಬೇಕಲ್ಲ.

ತ್ಸುಚಿಯುರಾ ಊರು ದಾಟಿದರೆ ಕಸುಮಿಗೌರಾ ಸರೋವರ. ಆಚೆ ದಡ ಕಾಣುವುದೇ ಇಲ್ಲ. ಸುತ್ತಲೂ ಏರಿಯ ಮೇಲೆ ಸೈಕಲ್ ದಾರಿ. ದಾರಿ ತಪ್ಪದಿರಲಿ ಎಂದು ನೆಲದ ಮೇಲೆ ಉದ್ದಕ್ಕೂ ನೀಲಿ ಬಾಣ ಬರೆದಿದ್ದಾರೆ. ಒಂದು ಕಡೆ ನೀರು. ಇನ್ನೊಂದು ಕಡೆ ಕಣ್ಣು ಹಾಯುವಷ್ಟು ತಾವರೆ ಗದ್ದೆ. ಹೂವಿಗಲ್ಲ, ಗೆಡ್ಡೆಗೆ ಬೆಳೆಯುವುದು. ಈಗ ಎಲೆಗಳೆಲ್ಲ ಒಣಗಿ, ಮುರಿದ ಛತ್ರಿಗಳ ಹಾಗೆ ನಿಂತಿವೆ. ಗಾಳಿ ಬೀಸಿದರೆ ಎಲ್ಲವೂ ಒಟ್ಟಿಗೆ ಗೊಣಗುತ್ತವೆ. ದೂರದಲ್ಲಿ ತ್ಸುಕುಬಾ ಬೆಟ್ಟ, ಎರಡು ನೆತ್ತಿ. ಪಿಯುಸಿಯಲ್ಲಿ "ಎ ಸೈಕಲ್ ಟೂರ್" ಎಂಬ ಪ್ರಬಂಧ ಬರೆದಿದ್ದೆ. "ದಿ ಜೆಂಟಲ್ ಬ್ರೀಜ್ ವಾಸ್ ಬ್ಲೋಯಿಂಗ್ ಅಂಡ್ ದಿ ಬರ್ಡ್ಸ್ ವರ್..." ಹಕ್ಕಿಗಳು ಏನು ಮಾಡುತ್ತಿದ್ದವೋ ಮರೆತಿದೆ. ಇಲ್ಲಿ ಬಾತುಕೋಳಿಗಳು ಸುಮ್ಮನೆ ತೇಲುತ್ತಿದ್ದವು.

ಹಿಂದಿನಿಂದ ಐದಾರು ಜನರ ತಂಡ, ಮೈಗಂಟಿದ ಬಟ್ಟೆ, ಬಾಗಿದ ಹ್ಯಾಂಡಲ್, ಸುಂಯ್ ಎಂದು ದಾಟಿತು. ಕೊನೆಯವನು ತಲೆಬಾಗಿಸಿ "ಕೊನ್ನಿಚಿವಾ!" ಎಂದ. ವಯಸ್ಸಾದವನಿಗೆ ಅವನು ಅಷ್ಟು ಮರ್ಯಾದೆ ಕೊಟ್ಟ ಮೇಲೆ ನಾನು ಸುಮ್ಮನಿರಲಾಗುತ್ತದೆಯೇ? ಹ್ಯಾಂಡಲ್ ಬಿಟ್ಟು ಎರಡೂ ಕೈ ಜೋಡಿಸಿ ನಮಸ್ಕಾರ ಎಂದೆ.

ಆಮೇಲೆ ಗೊತ್ತಾದದ್ದು, ನಾನು ಏರಿ ಇಳಿದು ತಾವರೆ ಗದ್ದೆಯೊಳಗೆ ಕೂತಿದ್ದೇನೆ, ಸೊಂಟದವರೆಗೆ ಕೆಸರು, ಸೈಕಲ್ಲು ಮೇಲೆ ಚಕ್ರ ತಿರುಗಿಸುತ್ತ ಮಲಗಿದೆ. ಕೆಸರು ಬೆಣ್ಣೆಯ ಹಾಗೆ. ಏಟೇನೂ ಆಗಲಿಲ್ಲ. ಏಳಲೂ ಆಗಲಿಲ್ಲ.

ಎದೆಯವರೆಗೆ ರಬ್ಬರ್ ಉಡುಪು ಹಾಕಿಕೊಂಡ ಮುದುಕಿಯೊಬ್ಬಳು ಆ ನೀರಿನಲ್ಲೇ ನಡೆದು ಬಂದಳು. ಕೈಯಲ್ಲಿ ನೀರು ಚಿಮ್ಮುವ ಪೈಪು. ಗೆಡ್ಡೆ ತೆಗೆಯುವುದು ಹಾಗೆಯೇ ಅಂತೆ, ನೀರಿನ ರಭಸಕ್ಕೆ ಕೆಸರು ಸಡಿಲವಾಗಿ ಗೆಡ್ಡೆ ಮೇಲೆ ತೇಲುತ್ತದೆ. ನನ್ನ ಸುತ್ತಲೂ ಪೈಪು ಹಿಡಿದಳು. ನಾನೂ ತೇಲಿದೆ! ಕಂಕುಳಿಗೆ ಕೈ ಹಾಕಿ ಎಳೆದಳು. ನನಗಿಂತ ಹತ್ತು ವರ್ಷವಾದರೂ ಹಿರಿಯಳು, ಹಿಡಿತ ಮಾತ್ರ ಇಕ್ಕಳದ್ದು. ಗೆಡ್ಡೆ ತೊಳೆಯುವ ಶೆಡ್ಡಿಗೆ ಕರೆದುಕೊಂಡು ಹೋಗಿ, ನಿಲ್ಲಿಸಿ, ಮುಂದೆ ತಿರುಗಿಸಿ, ಹಿಂದೆ ತಿರುಗಿಸಿ ತೊಳೆದಳು. ಎಪ್ಪತ್ತೊಂದು ವರ್ಷದ ನನ್ನನ್ನು! ನಡುವೆ ನಾನು ಸುಮಿಮಾಸೆನ್, ಸುಮಿಮಾಸೆನ್ ಎನ್ನುತ್ತಲೇ ಇದ್ದೆ. ಕ್ಷಮಿಸಿ ಎನ್ನಲು ನನಗೆ ಗೊತ್ತಿರುವುದು ಅದೊಂದೇ. ಅವಳು ನಗುತ್ತಲೇ ಇದ್ದಳು.

ಹೆಸರು ನೆಮೊತೊ. ಗಂಡ ಇಲ್ಲ. ಫೋಟೊ ನೋಡಿದೆ, ಮುಂದೆ ಒಂದು ಬಟ್ಟಲು ಅನ್ನ, ಊದಿನಕಡ್ಡಿ. ಆ ಗಂಡನ ಪ್ಯಾಂಟು ಕೊಟ್ಟಳು. ನನಗೆ ಮೊಣಕಾಲಿನ ಕೆಳಗೆ ಒಂದು ಗೇಣು ಬಂತು. ಹೊರಡುವಾಗ ನೀಲಿ ಮುಚ್ಚಳದ ಡಬ್ಬಿಯಲ್ಲಿ ನೀರು ಹಾಕಿ, ಹೆಚ್ಚಿದ ತಾವರೆ ಗೆಡ್ಡೆ ತುಂಬಿಸಿ ಬುಟ್ಟಿಯಲ್ಲಿಟ್ಟಳು.

ಸಂಜೆ ಅದರಲ್ಲಿ ಹುಳಿ ಮಾಡಿದೆ. ಬಿಲ್ಲೆ ಬಿಲ್ಲೆಗೂ ತೂತು, ತೂತಿನೊಳಗೆಲ್ಲ ಹುಳಿ ನಿಂತುಕೊಂಡು, ಆಹಾ! "ಎಲ್ಲಿ ಸಿಕ್ತು ಮಾವ ಇಷ್ಟು ಫ್ರೆಶ್ಶಾಗಿ?" ಎಂದ ಸಂತೋಷ. ಫ್ರೆಂಡ್ ಕೊಟ್ರು ಎಂದೆ. ಸುಳ್ಳಲ್ಲ.

ಅಕ್ಟೋಬರ್ 13, ಭಾನುವಾರ

ಬೇರೆಯವರ ಪಾತ್ರೆ ಮನೆಯಲ್ಲಿದ್ದರೆ ಕಸ್ತೂರಿಗೆ ಚಡಪಡಿಕೆ. ಖಾಲಿ ಕೊಡುವ ಹಾಗೂ ಇಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸುತ್ತಿದ್ದಳು. ಅದು ನನ್ನ ಕೈಗೂ ಬಂದುಬಿಟ್ಟಿದೆ. ನಿನ್ನೆ ಕೊಬ್ಬರಿ ಮಿಠಾಯಿ ಮಾಡಿದೆ. ಪಾಕ ಒಂದೆಳೆ ಜಾಸ್ತಿಯಾಗಿ ಕಲ್ಲಾಯಿತು. ಸಂತೋಷನ ಟೂಲ್‌ಬಾಕ್ಸಿನ ಸುತ್ತಿಗೆ ತಂದು ಒಡೆದೆ. ಡಬ್ಬಿ ತುಂಬಿತು.

ಇವತ್ತು ತುಳಿದುಕೊಂಡು ಹೋಗಿ ಕೊಟ್ಟೆ. ನೆಮೊತೊ ಸಾನ್ (ಇಲ್ಲಿ ಸಾನ್ ಎಂದರೆ ನಮ್ಮ 'ಅವರು') ಮೂರು ಸಲ ಬಗ್ಗಿದರು. ಒಂದು ತುಂಡು ಬಾಯಿಗೆ ಹಾಕಿಕೊಂಡರು. ಕಟಂ ಎಂದಿತು. ಅದು ಮಿಠಾಯಿಯೋ ಹಲ್ಲೋ ಎಂದು ನಾನು ಗಾಬರಿಯಾದೆ. ಮಿಠಾಯಿಯೇ. "ಒಯಿಶಿ!" ರುಚಿ ಎಂದರ್ಥ, ಅಷ್ಟು ಗೊತ್ತು.

ಮುಗಿಯಿತು ಎಂದು ಸೈಕಲ್ ಹತ್ತಿದೆ. ಓಡಿ ಬಂದರು. ಅದೇ ಡಬ್ಬಿ. ಒಳಗೆ ಒಣಗಿಸಿದ ಗೆಣಸು. ಬೇಡ ಎಂದು ಕೈ ಆಡಿಸಿದೆ. ನಮ್ಮಲ್ಲಿ ಮರ್ಯಾದಸ್ಥರು ಮೊದಲು ಬೇಡ ಎನ್ನಬೇಕು. ಅವರೂ ಮರ್ಯಾದಸ್ಥರು, ಬೇಡ ಎಂದದ್ದನ್ನು ಕೇಳಿಸಿಕೊಳ್ಳಲೇ ಇಲ್ಲ.

ರಕ್ಷಾಗೆ ಹೇಳಿದೆ. "ತಾತ, ಹಿಯರ್ ಆಲ್ಸೋ ಸೇಮ್. ಏನಾದ್ರೂ ಕೊಟ್ರೆ ವಾಪಸ್ ಕೊಡ್ಬೇಕು. ಇಟ್ ವಿಲ್ ನೆವರ್ ಎಂಡ್. ಯು ಆರ್ ಫಿನಿಶ್ಡ್."

ಸರಿ. ಯಾರು ಮೊದಲು ಸೋಲುತ್ತಾರೆ ನೋಡೋಣ.

ಅಕ್ಟೋಬರ್ 21, ಸೋಮವಾರ

ನಿಪ್ಪಟ್ಟು ಕೊಟ್ಟೆ. ಕಾಕಿ ಹಣ್ಣು ಬಂತು.

ನೆಮೊತೊ ಸಾನ್ ತಮ್ಮ ಫೋನಿನ ಮುಂದೆ ಜಪಾನಿಯಲ್ಲಿ ಮಾತಾಡಿದರೆ ಅದು ಕನ್ನಡ ಮಾಡಿ ಹೇಳುತ್ತದೆ. ಗೊಂಬೆಯ ಕನ್ನಡ, ಆದರೆ ಅರ್ಥವಾಯಿತು. ಒಬ್ಬನೇ ಮಗ, ಉರಯಾಸು ಎಂಬ ದೂರದ ಊರಿನಲ್ಲಿದ್ದಾನೆ. ಅಮ್ಮ ಡ್ರೈವಿಂಗ್ ಲೈಸೆನ್ಸ್ ವಾಪಸ್ ಕೊಟ್ಟುಬಿಡಬೇಕು ಎಂದು ಹಟ. ಇಲ್ಲಿ ವಯಸ್ಸಾದವರು ತಾವೇ ಪೊಲೀಸರಿಗೆ ಲೈಸೆನ್ಸ್ ಒಪ್ಪಿಸಿ ಬರುವ ಪದ್ಧತಿ ಇದೆ. ಕೊಟ್ಟರೆ ಬಸ್ಸಿನಲ್ಲಿ ರಿಯಾಯಿತಿ. "ಬಸ್ಸು ದಿನಕ್ಕೆ ಎರಡು ಸಲ ಬರುತ್ತದೆ, ನನ್ನ ಗೆಡ್ಡೆ ದಿನಕ್ಕೆ ಎರಡು ಸಲ ಬೆಳೆಯುವುದಿಲ್ಲ" ಎಂದಿತು ಫೋನು. ಶೆಡ್ಡಿನ ಪಕ್ಕ ಬೆಂಕಿಪೆಟ್ಟಿಗೆಯಂಥ ಬಿಳಿ ಟ್ರಕ್ಕು ನಿಂತಿದೆ. ಕತ್ತಲಾದ ಮೇಲೆ ಓಡಿಸುವುದಿಲ್ಲ ಎಂದು ಮಗನಿಗೆ ಮಾತು ಕೊಟ್ಟು ಸದ್ಯಕ್ಕೆ ತಪ್ಪಿಸಿಕೊಂಡಿದ್ದಾರೆ.

ನಾನು ನನ್ನ ದೇವನಹಳ್ಳಿ ಕಥೆ ಹೇಳಿದೆ. ಬಾತ್‌ರೂಮಿನ ಬೆಲ್ಲಿನ ತನಕ. ಫೋನು ಅದನ್ನು ಏನೆಂದು ಹೇಳಿತೋ, ಬಿದ್ದು ಬಿದ್ದು ನಕ್ಕರು.

ನವೆಂಬರ್ 4, ಸೋಮವಾರ

ಪ್ಯಾಂಟು ಸಿಕ್ಕಿಬಿತ್ತು.

ಬೀರುವಿನ ತಳದಲ್ಲಿ ಮಡಿಸಿಟ್ಟಿದ್ದೆ, ಡಬ್ಬಿಯ ಗಡಿಬಿಡಿಯಲ್ಲಿ ಅದನ್ನು ವಾಪಸ್ ಕೊಡುವುದೇ ಮರೆತುಹೋಗಿತ್ತು. ಇವತ್ತು ರಜೆ, ಸಿಂಧೂ ಚಳಿಗಾಲದ ಬಟ್ಟೆ ತೆಗೆಯಲು ಹೋಗಿ ಅದನ್ನೇ ಎತ್ತಿಕೊಂಡು ಬಂದಳು. ಎರಡು ಬೆರಳಲ್ಲಿ ಹಿಡಿದು.

"ಅಪ್ಪಾ. ಇದು ಯಾರ ಪ್ಯಾಂಟು?"

"ನೆಮೊತೊ ಸಾನ್ ಯಜಮಾನ್ರದ್ದು."

"ಅವರ ಪ್ಯಾಂಟು ನಿನ್ನ ಬೀರುವಲ್ಲಿ ಯಾಕಿದೆ?"

"ಅವರು ತೀರ್ಕೊಂಡಿದಾರೆ."

ಸಂತೋಷ ಪತ್ರಿಕೆ ಮುಖಕ್ಕೆ ಅಡ್ಡ ಹಿಡಿದುಕೊಂಡ. ಭುಜ ಕುಲುಕುತ್ತಿತ್ತು. ರಕ್ಷಾ, "ಓಹೋ ತಾತಾ..." ಎಂದು ರಾಗ ಎಳೆದಳು. ಎಳೆದ ರಾಗದ ಅರ್ಥ ಗೊತ್ತಾಗಿ ನನ್ನ ಕಿವಿ ಬಿಸಿಯಾಯಿತು. ಅದಕ್ಕಿಂತ ನಿಜ ಹೇಳುವುದೇ ಮೇಲು. ಹೇಳಿದೆ. ಗದ್ದೆ, ಕೆಸರು, ಪೈಪು. ಯಾರೂ ನಗಲಿಲ್ಲ. ಸಿಂಧೂ ಮುಖ ಬಿಳಿಚಿಕೊಂಡಿತು.

"ನೀರಲ್ಲಿ ಬಿದ್ದು... ಅವರು ಅಲ್ಲಿ ಇಲ್ದೇ ಇದ್ದಿದ್ರೆ?"

"ಇದ್ರಲ್ಲ."

"ಇಲ್ದೇ ಇದ್ದಿದ್ರೆ ಅಂದೆ ಅಪ್ಪಾ!"

ಕೂಗಾಡಿದಳು. ನಾನೂ ಕೂಗಿದೆ. ಸೈಕಲ್ ಮುಟ್ಟಬಾರದು ಎಂದಳು. ತುಮಕೂರಿಗೆ ಹೋಗಿ ಇನ್ನೊಂದು ಕೊಳ್ಳುತ್ತೇನೆ ಎಂದೆ. ತುಮಕೂರಿಗೆ ಹೋಗುವುದೇ ಇಲ್ಲ ನೀನು ಎಂದಳು. ಆಗ ಬಾಯಿಗೆ ಬಂದುಬಿಟ್ಟಿತು. "ಈ ಇಡೀ ಸರೋವರ ಒಬ್ನೇ ಸುತ್ತಿ ಬರ್ತೀನಿ, ಒಂದೇ ದಿನದಲ್ಲಿ! ಆಮೇಲೆ ಹೇಳು ಒಬ್ನೇ ಇರಕ್ಕೆ ಆಗತ್ತೋ ಇಲ್ವೋ ಅಂತ!"

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೆಲಸ ಮಾಡುವ ಲ್ಯಾಬಿನಲ್ಲಿ ಏನನ್ನೋ ಅಳೆಯುವಾಗಲೂ ಹೀಗೇ ನೋಡುತ್ತಾಳೆ ಅನ್ನಿಸುತ್ತದೆ.

"ಬೆಟ್ ಕಟ್ತೀಯಾ?"

"ಬೆಟ್ಟು."

ಷರತ್ತು ಅವಳದ್ದೇ. ಬೆಳಗ್ಗೆ ತ್ಸುಚಿಯುರಾ ಸ್ಟೇಷನ್ನಿನಿಂದ ಹೊರಟು ಕತ್ತಲಾಗುವ ಮೊದಲು ಅಲ್ಲಿಗೇ ವಾಪಸ್. ಟ್ರೇನಿಲ್ಲ, ಯಾರ ಗಾಡಿಯೂ ಇಲ್ಲ. ಫೋನಿನಲ್ಲಿ ಲೊಕೇಶನ್ ಆನ್. ಮುಗಿಸಿದರೆ ತುಮಕೂರು, ಅವಳು ತುಟಿ ಎರಡು ಮಾಡುವುದಿಲ್ಲ. ಮುಗಿಸದಿದ್ದರೆ ದೇವನಹಳ್ಳಿ, ನಾನು ತುಟಿ ಎರಡು ಮಾಡುವುದಿಲ್ಲ. ನಡುವೆ ದೊಡ್ಡ ಸೇತುವೆ ಇದೆ, ಅದನ್ನು ದಾಟಿ ಬಂದರೆ ಉತ್ತರದ ಕೊಲ್ಲಿ ತಪ್ಪಿ ಸುತ್ತು ಚಿಕ್ಕದಾಗುತ್ತದೆ ಎಂದ ಸಂತೋಷ. ಚಿಕ್ಕ ಸುತ್ತು ಮಕ್ಕಳಿಗೆ ಎಂದು ಗರ್ಜಿಸಿದೆ. ಆಮೇಲೆ ರೂಮಿನಲ್ಲಿ ಮ್ಯಾಪು ನೋಡಿದೆ.

ಊಟದ ಹೊತ್ತಿಗೆ ಚಿಕ್ಕ ಸುತ್ತಿಗೆ ಒಪ್ಪಿದೆ. ಅದೂ ತೊಂಬತ್ತು ಕಿಲೋಮೀಟರ್ ಇದೆ, ಮೈ ಗಾಡ್.

ನವೆಂಬರ್ 15, ಶುಕ್ರವಾರ

ದಿನಾ ತುಳಿಯುತ್ತಿದ್ದೇನೆ. ಬರೆಯಲು ಪುರುಸೊತ್ತಿಲ್ಲ. ಇವತ್ತು ಎದುರುಗಾಳಿ. ತೊಡೆ ಕಲ್ಲು. ದಾರಿಯಲ್ಲಿ ಕೊಂಬಿನಿ ಎನ್ನುವ ಸಣ್ಣ ಅಂಗಡಿ ಕಂಡಲ್ಲೆಲ್ಲ ನಿಲ್ಲಿಸಿ ಬಿಸಿ ಟೀ ಬಾಟಲಿ ಕೊಳ್ಳುತ್ತೇನೆ, ಅರ್ಧ ಕುಡಿಯಲು, ಅರ್ಧ ಕೈ ಕಾಯಿಸಲು. ನಾಟ್‌ವಿತ್‌ಸ್ಟ್ಯಾಂಡಿಂಗ್. ಒಳ್ಳೆಯ ಪದ. ವಾಕ್ಯದಲ್ಲಿ ಎಲ್ಲಿಡಬೇಕೆಂದು ಕಾಲೇಜಿನಲ್ಲೂ ಗೊತ್ತಾಗಲಿಲ್ಲ. ಪೆಡಲ್ ಒತ್ತುವಾಗ ಒಂದು ಕಾಲಿಗೆ ನಾಟ್‌ವಿತ್, ಇನ್ನೊಂದಕ್ಕೆ ಸ್ಟ್ಯಾಂಡಿಂಗ್ ಎಂದುಕೊಂಡರೆ ಏರು ಹತ್ತುತ್ತದೆ.

ಪ್ಯಾಂಟು ಇಸ್ತ್ರಿ ಮಾಡಿ ವಾಪಸ್ ಕೊಟ್ಟೆ. ಬೆಟ್ಟಿನ ವಿಷಯ ನೆಮೊತೊ ಸಾನ್‌ಗೆ ಹೇಳಲಿಲ್ಲ. ಹೇಳಿದರೆ ಪ್ರಾರ್ಥನೆ, ತಾಯಿತ, ಏನೇನೋ ಆಗುತ್ತದೆ. ಅವರ ಡಬ್ಬಿ ಈಗ ನನ್ನ ಹತ್ತಿರವೇ ಇದೆ.

ನವೆಂಬರ್ 24, ಭಾನುವಾರ. ಮಧ್ಯಾಹ್ನ

ಈಗ ಕೂರಲು ಆಗುತ್ತಿದೆ, ದಿಂಬು ಹಾಕಿಕೊಂಡು. ನಿನ್ನೆಯದನ್ನು ಬರೆಯುತ್ತೇನೆ.

ಬೆಳಕು ಹರಿಯುತ್ತಲೇ ಸ್ಟೇಷನ್ನಿನಿಂದ ಹೊರಟೆ. ಸಂತೋಷ ಹೆಲ್ಮೆಟ್ಟಿನ ಬೆಲ್ಟು ತಾನೇ ಕಟ್ಟಿದ. "ಮಾವ, ಕಷ್ಟ ಆದ್ರೆ ಫೋನ್ ಮಾಡಿ, ಸಿಂಧೂಗೆ ಬೇಡ, ನಂಗೆ" ಎಂದು ಪಿಸುಗುಟ್ಟಿದ. ಒಳ್ಳೆಯ ಹುಡುಗ. ಸಿಂಧೂ ಬಾಳೆಹಣ್ಣು ಕೊಟ್ಟಳು.

ಬುಟ್ಟಿಯಲ್ಲಿ ನೀಲಿ ಮುಚ್ಚಳದ ಡಬ್ಬಿ, ತುಂಬಾ ಕೋಡುಬಳೆ. ಇದೇ ನನ್ನ ಬುದ್ಧಿ! ಹೇಗೂ ನೆಮೊತೊ ಸಾನ್ ಮನೆ ಸುತ್ತಿನ ಕೊನೆಯಲ್ಲಿ ಸಿಗುತ್ತದೆ. ಇನ್ನೆರಡು ಮೂರು ವಾರದಲ್ಲಿ ನಾನು ಊರಿಗೆ ಹೋಗುವವನು. ಅವರ ಡಬ್ಬಿ ಇಟ್ಟುಕೊಂಡು ಹೋಗಲಾಗುತ್ತದೆಯೇ? ದಾರಿಯಲ್ಲೇ ಕೊಟ್ಟುಬಿಟ್ಟರಾಯಿತು, ಐದು ನಿಮಿಷ.

ದಕ್ಷಿಣ ದಡ ಚೆನ್ನಾಗಿ ಸಾಗಿತು. ಗಾಳಿ ಬೆನ್ನಿಗೆ. ಮೀನಿನ ಬಲೆ ಒಣಹಾಕಿದ ದೋಣಿಕಟ್ಟೆಗಳು, ಯಾರೂ ಇಲ್ಲದ ದೇವಸ್ಥಾನದ ಕೆಂಪು ಕಮಾನು, ಕೊಯ್ಲಾದ ಗದ್ದೆಯಲ್ಲಿ ಧ್ಯಾನಕ್ಕೆ ನಿಂತ ಕೊಕ್ಕರೆ. ಬೆಟ್ಟ ಒಮ್ಮೆ ಎಡಕ್ಕೆ, ಒಮ್ಮೆ ಹಿಂದಕ್ಕೆ. ಅದು ನನ್ನನ್ನು ನೋಡುತ್ತಿದೆ ಎನ್ನಿಸಿತು. ನೋಡಲಿ. ಪೂರ್ವ ದಡಕ್ಕೆ ಬಂದಾಗ ಗಾಳಿ ಮುಖಕ್ಕೆ ತಿರುಗಿತು. ಎಡ ಮೊಣಕಾಲು ಟಕ್ ಟಕ್ ಎನ್ನತೊಡಗಿತು. ಇಳಿದು ತಳ್ಳಿದೆ. ಮತ್ತೆ ಹತ್ತಿದೆ. ರೇಸ್ ಸೈಕಲ್ಲಿನ ಹುಡುಗಿಯೊಬ್ಬಳು ಪಕ್ಕದಲ್ಲಿ ನಿಧಾನಿಸಿ ಬುಟ್ಟಿ ನೋಡಿ, ನನ್ನ ಮುಖ ನೋಡಿ, "ಗಂಬಾತ್ತೆ!" ಎಂದಳು. ಬಿಡಬೇಡ ಎಂದು ಅರ್ಥ. ಈ ಸಲ ಒಂದು ಕೈ ಮಾತ್ರ ಎತ್ತಿದೆ.

ಸೇತುವೆ ದಾಟುವಾಗ ಬೇಕೆಂದೇ ನಡುವೆ ನಿಂತು ಸುತ್ತ ನೋಡಿದೆ. ನೀರೋ ನೀರು. ಇಷ್ಟನ್ನೂ ತುಳಿದು ಬಂದೆ. ಜೋರಾಗಿ ಹಾಡು ಹೇಳಿಕೊಂಡೆ. ಶೆಡ್ಡಿಗೆ ಬಂದಾಗ ಸೂರ್ಯ ಇನ್ನೂ ಮೇಲಿದ್ದ. ಸ್ಟೇಷನ್ನಿಗೆ ಮುಕ್ಕಾಲು ಗಂಟೆಯ ದಾರಿ. ಗೆದ್ದೆ ಎಂದುಕೊಂಡೆ.

ನೆಮೊತೊ ಸಾನ್ ಡಬ್ಬಿ ತೆಗೆದುಕೊಂಡರು, ಬಗ್ಗಿದರು, ಒಳಗೆ ಕೂರಿಸಿದರು, ಟೀ ಕೊಟ್ಟರು. ಆಮೇಲೆ ಡಬ್ಬಿ ಹಿಡಿದುಕೊಂಡು ಶೆಡ್ಡಿಗೆ ಹೋದರು. ಶೆಡ್ಡು ಖಾಲಿ. ವರ್ಷದ ಕೊನೆಗೆ ಗೆಡ್ಡೆಗೆ ಬೇಡಿಕೆ ಹೆಚ್ಚು, ತೆಗೆದದ್ದೆಲ್ಲ ಬೆಳಗ್ಗೆಯೇ ಮಾರುಕಟ್ಟೆಗೆ ಹೋಗಿದೆ. ನಾನು ಟೀ ಮುಗಿಸಿ ಹೊರಗೆ ಬಂದು ನೋಡುತ್ತೇನೆ, ಈಯಮ್ಮ ರಬ್ಬರ್ ಉಡುಪು ಹಾಕಿಕೊಂಡು ಗದ್ದೆಯ ನೀರಿಗೆ ಇಳಿದಿದ್ದಾರೆ! ಪಂಪು ಭರ್ರೆನ್ನುತ್ತಿದೆ. ನನಗೋಸ್ಕರ. ಆ ಚಳಿಯಲ್ಲಿ.

ಏರಿಯ ಮೇಲೆ ನಿಂತು ಕೈ ಆಡಿಸಿದೆ. ಬೇಡ, ಬೇಡ ಎಂದು ಕೂಗಿದೆ. ಅವರೂ ಕೈ ಆಡಿಸಿದರು, ಬಂದೆ ಬಂದೆ ಎನ್ನುವ ಹಾಗೆ. ಸುಮ್ಮನೆ ಹೊರಟುಬಿಡಬಹುದಿತ್ತು. ಸೈಕಲ್ಲಿನ ಮೇಲೆ ಕೈಯನ್ನೂ ಇಟ್ಟೆ. ಆದರೆ ಎಂಬತ್ತು ದಾಟಿದ ಹೆಂಗಸು ನನಗಾಗಿ ಎದೆಮಟ್ಟ ಕೆಸರಿನಲ್ಲಿ ನಿಂತಿರುವಾಗ ಬೆನ್ನು ತಿರುಗಿಸಿ ಹೋಗುವುದೇ? ಆಗಲಿಲ್ಲ. ನಿಂತೆ. ಸೂರ್ಯ ಇಳಿಯುವುದನ್ನು ನೋಡುತ್ತ ನಿಂತೆ. ಅವರಿಗೆ ಒಳ್ಳೆಯದೇ ಬೇಕು, ಒಂದು ಗೆಡ್ಡೆ ಎತ್ತಿದರು, ನೋಡಿ ಬಿಸಾಡಿದರು. ಇನ್ನೊಂದು. ಮತ್ತೊಂದು. ಕೊನೆಗೆ ಮಗುವನ್ನು ಎತ್ತಿಕೊಂಡ ಹಾಗೆ ತೋಳುದ್ದದ್ದೊಂದನ್ನು ಎತ್ತಿಕೊಂಡು ಬಂದರು. ತೊಳೆದರು. ಹೆಚ್ಚಿದರು. ತುಂಬಿಸಿದರು. ಇಲ್ಲಿ ನವೆಂಬರಿನಲ್ಲಿ ಹೊತ್ತು ಮುಳುಗುವುದು ಯಾರೋ ಸ್ವಿಚ್ ಆರಿಸಿದ ಹಾಗೆ.

ಆಗ ರಕ್ಷಾಳ ಫೋನು. "ತಾತ, ವೈ ಆರ್ ಯು ನಾಟ್ ಮೂವಿಂಗ್? ಅಮ್ಮ ಸ್ಟೇಷನ್ ಮುಂದೆ ವಾಕಿಂಗ್ ರೌಂಡ್ ಅಂಡ್ ರೌಂಡ್." ಫೋನನ್ನು ನೆಮೊತೊ ಸಾನ್ ಕೈಗೆ ಕೊಟ್ಟೆ. ಅವರಿಬ್ಬರೂ ಜಪಾನಿಯಲ್ಲಿ ಮಾತಾಡಿದರು. ಅವರ ಮುಖ ನೋಡುತ್ತಿದ್ದೆ. ಮೊದಲು ನಗು, ಆಮೇಲೆ ಬಾಯಿ ತೆರೆದದ್ದು ಹಾಗೇ ಉಳಿಯಿತು. ರಕ್ಷಾ ಬೆಟ್ಟಿನ ವಿಷಯ ಪೂರ್ತಿ ಹೇಳಿದ್ದಾಳೆ. ನನ್ನ ತೋಳಿಗೆ ಫಟ್ ಎಂದು ಒಂದು ಏಟು ಬಿತ್ತು. "ಜಯಾ ಸಾನ್!" ಜಯಪ್ರಕಾಶ ಎಂಬುದು ಅವರ ಬಾಯಿಗೆ ಅಷ್ಟೇ ಬರುವುದು.

ಟ್ರಕ್ಕಿನ ಹಿಂಬಾಗಿಲು ತೆರೆದು ಸೈಕಲ್ಲು ಹಾಕು ಎಂದು ತೋರಿಸಿದರು. ಇಲ್ಲ ಎಂದೆ. ಮತ್ತೆ ತೋರಿಸಿದರು. ಸೈಕಲ್ ಹತ್ತಿದೆ. ಸೋತರೂ ತುಳಿದುಕೊಂಡೇ ಸೋಲುವವನು ನಾನು.

ಒಂದು ಫರ್ಲಾಂಗ್ ಹೋಗಿರಲಿಲ್ಲ. ಹಿಂದಿನಿಂದ ಬೆಳಕು ಬಂತು. ನನ್ನ ನೆರಳು ದಾರಿಯುದ್ದಕ್ಕೂ ಚಾಚಿತು, ನೀಲಿ ಬಾಣಗಳು ಒಂದೊಂದಾಗಿ ಎದ್ದು ಕಂಡವು. ತಿರುಗಿ ನೋಡಿದರೆ ಬಿಳಿ ಟ್ರಕ್ಕು. ಎರಡೂ ಹಳದಿ ದೀಪ ಮಿಣುಕಿಸುತ್ತ, ನನ್ನ ವೇಗಕ್ಕೇ, ಬಿಟ್ಟರೂ ಬಿಡದೆ. ಸ್ಟಿಯರಿಂಗಿನ ಮೇಲೆ ಬರೀ ಟೋಪಿ ಕಾಣುತ್ತಿತ್ತು. ಕತ್ತಲಾದ ಮೇಲೆ ಓಡಿಸುವುದಿಲ್ಲ ಎಂದು ಮಗನಿಗೆ ಮಾತು ಕೊಟ್ಟವರು. ಹೋಗಿ ಎಂದು ಕೈ ಮಾಡಿದೆ. ಪೀಂ ಎಂದರು.

ಹಾಗೆಯೇ ಊರೊಳಗೆ ಬಂದೆವು, ಮುಂದೆ ನಾನು, ಹಿಂದೆ ಅವರು. ಮದುವೆ ದಿಬ್ಬಣದ ಹಾಗೆ. ಸಿಗ್ನಲ್ಲಿನಲ್ಲಿ ಸ್ಕೂಲ್ ಮಕ್ಕಳು ಚಪ್ಪಾಳೆ ತಟ್ಟಿದರು.

ಸ್ಟೇಷನ್ನಿನ ಮುಂದೆ ಸಿಂಧೂ ನಿಂತಿದ್ದಳು. ನನ್ನ ಕೈ ಮುಟ್ಟಿ ನೋಡಿದಳು, ಮೊಣಕಾಲು ನೋಡಿದಳು. ನೆಮೊತೊ ಸಾನ್ ಇಳಿದು ಬಂದು ನಡುವಿನವರೆಗೆ ಬಗ್ಗಿದರು. ತಡವಾದದ್ದು ತನ್ನಿಂದಲೇ, ಇವರ ತಪ್ಪಿಲ್ಲ ಎಂದರಂತೆ. ಸಿಂಧೂ ಇನ್ನೂ ಕೆಳಗೆ ಬಗ್ಗಿದಳು. ಅವರು ಅದಕ್ಕಿಂತ ಕೆಳಗೆ. ನಾನು ಸೈಕಲ್ ಹಿಡಿದುಕೊಂಡು ನಿಂತೇ ಇದ್ದೆ, ಬಗ್ಗುವುದನ್ನು ಇಬ್ಬರೂ ನಿಲ್ಲಿಸುವ ಹಾಗೆ ಕಾಣಲಿಲ್ಲ.

ಟ್ರಕ್ಕು ಹೊರಟಾಗ ಸಿಂಧೂಗೆ ಗಾಬರಿ. "ಇಷ್ಟು ಕತ್ತಲಲ್ಲಿ ಅವರೊಬ್ರೇ ಹೋಗ್ತಾರಾ? ಅವರ ಮಗ ಎಲ್ಲಿ?"

"ಉರಯಾಸುವಲ್ಲಿ. ನಿನ್ ಥರಾನೇ, ಅಮ್ಮನ ಬಗ್ಗೆ ಬಹಳ ಯೋಚ್ನೆ ಮಾಡ್ತಾನಂತೆ."

ಕಣ್ಣು ಕೆಕ್ಕರಿಸಿದಳು. ಸಂತೋಷನನ್ನು ಕಾರಿನಲ್ಲಿ ಹಿಂದೆ ಕಳಿಸಿದಳು. ಅವನು ಒಂದು ಗಂಟೆ ಬಿಟ್ಟು ಮನೆಗೆ ಬಂದ, ಕೈಯಲ್ಲಿ ಒಂದು ಕಟ್ಟು ಈರುಳ್ಳಿ ಸೊಪ್ಪು. "ಬಿಡಲೇ ಇಲ್ಲ ಮಾವ, ಟೀ ಬೇರೆ ಕುಡಿಸಿದ್ರು."

ಊಟ ಆಯಿತು. ಸಿಂಧೂ ಎದುರಿಗೆ ಕೂತಳು.

"ಅಪ್ಪಾ. ಕತ್ತಲಾಗಿತ್ತು."

"ಆಗಿತ್ತು. ಸೋತೆ."

"ಹಂಗಾದ್ರೆ ದೇವನಹಳ್ಳಿ."

"ಹೋಗಲ್ಲ."

"ಬೆಟ್ ಅಂದ್ರೆ ಬೆಟ್ಟಪ್ಪಾ! ನೀನೇ ತಾನೇ ಕಟ್ಟಿದ್ದು?"

"ಕಟ್ಟಿದ್ದೇ ತಪ್ಪು ನಂದು. ಗೆದ್ದಿದ್ರೂ ತಪ್ಪೇ ಆಗ್ತಿತ್ತು. ನನ್ ಮನೇಲಿ ನಾನಿರಕ್ಕೆ ನಾನ್ಯಾಕೆ ಕೆರೆ ಸುತ್ತಬೇಕು ಸಿಂಧೂ? ಇವತ್ತು ಸುತ್ತಿದೆ ಸರಿ. ಮುಂದಿನ ವರ್ಷ ಆಗಲ್ಲ. ಆಗ್ದಿರೋ ದಿನ ನಾನು ನಿನ್ ಸಾಮಾನಾಗ್ಬಿಡ್ತೀನಾ, ನೀನು ಇಟ್ಟಲ್ಲಿ ಇರಕ್ಕೆ?"

"ಅಮ್ಮ ಬಿದ್ದಾಗ ನೀನಿದ್ದೆ. ಎತ್ಕೊಂಡು ಆಸ್ಪತ್ರೆಗೆ ಓಡ್ದೆ. ನೀನು ಬಿದ್ರೆ ಯಾರಿರ್ತಾರೆ? ನಂಗೆ ಇಲ್ಲಿ ಫೋನ್ ಬರತ್ತೆ, ಅಷ್ಟೇ. ನಾನು ಇಲ್ಲಿಂದ ಏನ್ಮಾಡ್ಲಿ?"

"ಯಾರೂ ಇರ್ದೇ ಇರ್ಬೋದು ಕಂದ. ಬಿದ್ದಿರ್ತೀನಿ. ಎದ್ರೆ ಏಳ್ತೀನಿ. ಆ ಬೆಲ್ಲಿಗೆ ಹೆದರ್ಕೊಂಡು ಬದುಕೋದು ಮಾತ್ರ ನನ್ ಕೈಲಾಗಲ್ಲ."

ರಕ್ಷಾ ತಟ್ಟೆ ಎತ್ತಿಕೊಂ‍ಡು ಹೋಗುತ್ತ, "ಅಮ್ಮ, ಲಾಸ್ಟ್ ವಿಂಟರ್ ಐಸ್ ಮೇಲೆ ಯು ಆಲ್ಸೋ ಫೆಲ್" ಎಂದಳು. ಸಿಂಧೂ ಎದ್ದು ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು.

ನವೆಂಬರ್ 27, ಬುಧವಾರ

ಮಾತಿಲ್ಲ. ಕಾಫಿ ಮಾಡಿಟ್ಟರೆ ಕುಡಿಯುತ್ತಾಳೆ. ಲೋಟ ತೊಳೆದಿಡುತ್ತಾಳೆ. ನನ್ನ ಲೋಟವನ್ನೂ.

ಮೊಣಕಾಲು ಊದಿದೆ. ಆದರೂ ಕೊಂಬಿನಿವರೆಗೆ ತುಳಿದು ಬಂದೆ. ಅವಳು ಕಿಟಕಿಯಿಂದ ನೋಡುತ್ತಿದ್ದಳು. ನೋಡಲಿ ಎಂದೇ ತುಳಿದದ್ದು.

ನವೆಂಬರ್ 30, ಶನಿವಾರ

ಎಸ್‌ಎಸ್ ಪುರಂ ಮನೆ ಮಾಲೀಕರು ವಸುಂಧರಾ ಅವರಿಗೆ ಫೋನ್ ಮಾಡಿದೆ. ಮನೆ ಹಾಗೇ ಇದೆ, ನಲ್ಲಿ ಒಂದು ತೊಟ್ಟಿಕ್ಕುತ್ತಿದೆಯಂತೆ. "ನೀವು ಬರಲ್ಲ ಅಂತ ನಿಮ್ ಮಗಳು ಹೇಳಿದ್ರಲ್ಲಾ ಸಾರ್?" ಎಂದರು. ನಲ್ಲಿ ನಾನು ಬಂದು ಸರಿಮಾಡುತ್ತೇನೆ, ಪ್ಲಂಬರನ್ನು ಕರೆಯಬೇಡಿ ಎಂದೆ. ಜೋರಾಗಿಯೇ ಹೇಳಿದೆ. ಅಡಿಗೆಮನೆಗೆ ಕೇಳಿಸಿರಬೇಕು. ಪಾತ್ರೆಯ ಸದ್ದು ನಿಂತಿತು.

ಆಗಿನಿಂದ ಕಾಯುತ್ತ ಕೂತಿದ್ದೇನೆ. ಬಂದು ಜಗಳವಾಡುತ್ತಾಳೆ ಎಂದು ನಾಲ್ಕು ಉತ್ತರ ಸಿದ್ಧ ಮಾಡಿಕೊಂಡೆ. ಒಂದು ಇಂಗ್ಲಿಷಿನಲ್ಲಿ.

ಅವಳ ಫೋನು ರಿಂಗಾಯಿತು. ಬಂದಳು. ಬಾಗಿಲಲ್ಲಿ ನಿಂತಿದ್ದಾಳೆ. ದೇವನಹಳ್ಳಿಯವರಂತೆ, ಯಾವ ತಾರೀಖಿಗೆ ರೂಮು ರೆಡಿ ಇರಬೇಕು ಎಂದು ಕೇಳುತ್ತಿದ್ದಾರಂತೆ. ಇಷ್ಟು ದಿನ ಅವರ ಹತ್ತಿರ ಇವಳೇ ಮಾತಾಡುತ್ತಿದ್ದಳು. ನನ್ನ ಊಟ, ನನ್ನ ಬಿಪಿ, ನನ್ನ ಬೆಡ್ಡಿನ ಎತ್ತರ.

"ನಾನೇನೂ ಹೇಳಲ್ಲಪ್ಪ. ನೀನೇ ಹೇಳ್ಕೋ" ಎನ್ನುತ್ತಿದ್ದಾಳೆ. ಮುಖ ಊದಿಸಿಕೊಂಡಿದ್ದಾಳೆ, ಕಣ್ಣು ಕೆಂಪಗಿದೆ, ಆದರೂ ಫೋನನ್ನು ನನ್ನ ಕಡೆಗೇ ಚಾಚಿದ್ದಾಳೆ. ಒಳಗಿನಿಂದ ಯಾರೋ ಹುಡುಗಿ ಹಲೋ ಸರ್, ಹಲೋ ಸರ್ ಎನ್ನುತ್ತಿದ್ದಾಳೆ.

ತಾಳಮ್ಮ, ರೂಮು ಬೇಡ ಅಂತ ನಾನೇ ಹೇಳ್ತೀನಿ, ಪೆನ್ನು ಕೆಳಗಿಟ್ಟು...